ಊಟ ಆಯ್ತಾ, ಅರ್ಥ ಆಯ್ತಾ

ನನ್ನ ಪಾಠದಷ್ಟು ಸಲೀಸಾಗಿ ತಲೆಗೆ ಹೋಗುವ ಪಾಠ ಜಗತ್ತಿನಲ್ಲೇ ಇಲ್ಲ ಎಂದು ನಾನು ನಂಬಿಕೊಂಡಿದ್ದ ಕಾಲವೊಂದಿತ್ತು. ತುಂಬಾ ಹಿಂದಿನ ಮಾತೇನಲ್ಲ, ಮೊನ್ನೆ ಮೊನ್ನೆಯವರೆಗೂ ಹಾಗೇ ಇತ್ತು.

ನಾನು ಕಲಿಸುವುದು ಇಂಗ್ಲಿಷ್. ಕಲಿಸುವ ಜಾಗ ಒಂದು ದೊಡ್ಡ ಹೋಟೆಲು. ಊಟ ತಿಂಡಿಯ ಹೋಟೆಲಲ್ಲ, ಹೊರದೇಶದವರೆಲ್ಲ ಬಂದು ಉಳಿದುಕೊಳ್ಳುವ ಹೋಟೆಲು. ಅತಿಥಿಗಳು ಹೇಳಿದ್ದು ಕೆಲಸದವರಿಗೆ ತಿಳಿಯಬೇಕು ಎಂದು ಅಲ್ಲಿನ ಮ್ಯಾನೇಜರಿಗೆ ಒಂದು ದಿನ ಜ್ಞಾನೋದಯವಾಗಿ ನನ್ನನ್ನು ಕರೆಸಿದರು. ತರಗತಿಗೆಂದು ಕೊಟ್ಟದ್ದು ನೆಲಮಾಳಿಗೆಯಲ್ಲಿ ಲಾಂಡ್ರಿಯ ಪಕ್ಕದ ಕೋಣೆ. ಒಂದು ಕಡೆ ಕಾಲು ಮುರಿದ ಕುರ್ಚಿಗಳ ರಾಶಿ, ಇನ್ನೊಂದು ಕಡೆ ಗೋಡೆಗೆ ಒರಗಿಸಿದ ಹಳೆಯ ಹಾಸಿಗೆಗಳು, ನಡುವೆ ನನ್ನ ಕರಿಹಲಗೆ. ಗೋಡೆಯಾಚೆ ಬಟ್ಟೆ ಒಗೆಯುವ ಯಂತ್ರಗಳು ಗಡಗಡ ಎನ್ನುತ್ತಲೇ ಇರುತ್ತವೆ. ಅವಕ್ಕಿಂತ ಜೋರಾಗಿ ಕಿರುಚಿ ಕಲಿಸಬೇಕು. ಕಿರುಚುವುದು ನನಗೆ ಕಷ್ಟವಲ್ಲ. ಇವಳಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲಿ ಹೇಳುತ್ತಾರೆ, ಸುಳ್ಳಲ್ಲ.

ಮಧ್ಯಾಹ್ನದ ಊಟದ ಹೊತ್ತು ಕಳೆದು, ಮುಂದಿನ ಪಾಳಿ ಶುರುವಾಗುವ ಮುಂಚೆ ನನ್ನ ವಿದ್ಯಾರ್ಥಿಗಳು ಬರುತ್ತಿದ್ದರು. ಮೊದಲ ಸಾಲಿನಲ್ಲಿ ಹೋಟೆಲಿನ ಬಾಗಿಲು ಕಾಯುವ ಮೀಸೆ ಮಾಮ. ಕೋಣೆಯೊಳಗೆ ಮೊದಲು ಅವರ ಮೀಸೆ ಬರುತ್ತಿತ್ತು, ಆಮೇಲೆ ಅವರು. ಪಕ್ಕದಲ್ಲಿ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವಾತ, ಬಾಯಿಗೆ ಬೀಗ ಹಾಕಿಕೊಂಡು ಕೂರುವ ಮನುಷ್ಯ. ಅವರ ಹಿಂದೆ ಕೋಣೆ ಗುಡಿಸಿ ಒರೆಸುವ ಹೆಂಗಸರು. ಎಲ್ಲರಿಗಿಂತ ಹಿಂದೆ, ಆ ಹಳೆಯ ಹಾಸಿಗೆಗೆ ಬೆನ್ನು ಕೊಟ್ಟು, ಲಾಂಡ್ರಿಯಲ್ಲಿ ಬಟ್ಟೆ ಮಡಿಸುವ ನನ್ನ ಅಕ್ಕ.

ಹೌದು, ನನ್ನ ಸ್ವಂತ ಅಕ್ಕ. ಮನೆಯಲ್ಲಿ ನನ್ನನ್ನು ‘ಲೇ’ ಎಂದು ಕರೆಯುವವಳು ತರಗತಿಯಲ್ಲಿ ಬಲು ಗಂಭೀರವಾಗಿ ‘ಮೇಡಂ’ ಎನ್ನುತ್ತಿದ್ದಳು. ಅಮ್ಮ ಹೋದಾಗ ನನಗಿನ್ನೂ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಅಕ್ಕ ಶಾಲೆ ಬಿಟ್ಟು ಈ ಲಾಂಡ್ರಿ ಸೇರಿದಳು, ನಾನು ಶಾಲೆಗೆ ಹೋದೆ. ಅವಳು ಹಾಸಿಗೆ ಬಟ್ಟೆ ಮಡಿಸಿ ಮಡಿಸಿ ನನ್ನನ್ನು ಕಾಲೇಜು ದಾಟಿಸಿದಳು. ಈಗಲೂ ನಾನಿರುವುದು ಅಕ್ಕ ಭಾವನ ಮನೆಯಲ್ಲೇ. ಭಾವ ಫ್ಯಾನು, ಮಿಕ್ಸಿ ರಿಪೇರಿ ಮಾಡುತ್ತಾರೆ. ಅದು ಬಿಟ್ಟರೆ ಅವರ ಮುಖ್ಯ ಕಸುಬು ನನ್ನ ಕಾಲೆಳೆಯುವುದು.

ತರಗತಿಯಲ್ಲಿ ನನ್ನದೊಂದು ಪದ್ಧತಿಯಿತ್ತು. ಒಂದು ಮಾತು ಹೇಳಿಕೊಡುವುದು, ಹಲಗೆಗೆ ಒಮ್ಮೆ ಕೋಲಿನಿಂದ ಕುಟ್ಟುವುದು, ತಿರುಗಿ ನಿಂತು ಕೇಳುವುದು: “ಅರ್ಥ ಆಯ್ತಾ?”

“ಆಯ್ತು ಮೇಡಂ!”

ಮೀಸೆ ಮಾಮ ತಲೆಯಾಡಿಸಿದರೆ ಸಾಲಿಗೆ ಸಾಲೇ ತಲೆಯಾಡಿಸುತ್ತಿತ್ತು. ಕೊನೆಯಲ್ಲಿ ಅಕ್ಕನ ತಲೆ, ಎಲ್ಲರಿಗಿಂತ ಜೋರಾಗಿ. ನಾನು ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದು, “ಭಾವ, ಇವತ್ತೂ ಒಬ್ರೇ ಒಬ್ರೂ ಗೊತ್ತಾಗ್ಲಿಲ್ಲ ಅನ್ನಲಿಲ್ಲ ಗೊತ್ತಾ?” ಎಂದು ಕೊಚ್ಚಿಕೊಳ್ಳುತ್ತಿದ್ದೆ.

“ನಿನ್ನ ಮುಖ ನೋಡ್ಕೊಂಡು ಯಾರಿಗೆ ಧೈರ್ಯ ಬರುತ್ತೆ ಟೀಚರಮ್ಮ?” ಎನ್ನುತ್ತಿದ್ದರು ಭಾವ, ಸ್ಕ್ರೂಡ್ರೈವರಿನಿಂದ ಕಣ್ಣೆತ್ತದೆ. ನಾನು ಅದನ್ನು ತಮಾಷೆ ಎಂದುಕೊಂಡು ಬಿಟ್ಟುಬಿಡುತ್ತಿದ್ದೆ.

ಅಷ್ಟರಲ್ಲಿ ಮೂರನೇ ಮಹಡಿಯ ಸೂಪರ್‌ವೈಸರ್ ಕೆಲಸ ಖಾಲಿಯಾಯಿತು. ಕೋಣೆಗಳನ್ನು ನೋಡಿಕೊಳ್ಳುವುದು, ಅತಿಥಿಗಳು ಏನು ಹೇಳುತ್ತಾರೆಂದು ಕೇಳಿ ಮಾಡಿಸುವುದು. ಹಳಬಳು ಎಂದು ಮ್ಯಾನೇಜರು ಅಕ್ಕನ ಹೆಸರನ್ನೇ ಎತ್ತಿದರು. ಮೇಲೆ ಹೋಗಿ ಕೆಲವು ದಿನ ಮಾಡಲಿ, ಸರಿಹೋದರೆ ಕಾಯಂ ಮಾಡೋಣ ಅಂದರು.

ಅಕ್ಕನಿಗೆ ಆ ಕೆಲಸ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತಿತ್ತು. ಸಂಬಳಕ್ಕಲ್ಲ, ಕಿಟಕಿಗೆ. ಲಾಂಡ್ರಿಗೆ ಕಿಟಕಿಯೇ ಇಲ್ಲ. ಬೆಳಿಗ್ಗೆ ಮೆಟ್ಟಿಲಿಳಿದು ಆ ಹಬೆಯೊಳಗೆ ಹೋದರೆ, ಹೊರಗೆ ಬಿಸಿಲೋ ಮಳೆಯೋ ಎಂದು ಅವಳಿಗೆ ತಿಳಿಯುತ್ತಿದ್ದುದು ಮೀಸೆ ಮಾಮನ ಟೋಪಿ ಒದ್ದೆಯಾಗಿದೆಯೋ ಇಲ್ಲವೋ ನೋಡಿ. ಮೂರನೇ ಮಹಡಿಯಲ್ಲಿ ಪ್ರತಿ ಕೋಣೆಗೂ ಎದೆಮಟ್ಟದ ಕಿಟಕಿ, ಕೆಳಗೆ ತೋಟ, ಅದರಾಚೆ ಬೀದಿ. ಮೊದಲ ದಿನ ಮೇಲೆ ಹೋಗಿ ಬಂದವಳು ಮನೆಯಲ್ಲಿ ಕೂತು, “ಲೇ, ಮಧ್ಯಾಹ್ನ ಆದ್ಮೇಲೆ ನೆರಳು ಆ ಕಡೆಯಿಂದ ಈ ಕಡೆಗೆ ಬರುತ್ತೆ, ನೋಡಿದ್ದೀಯಾ?” ಎಂದು ಕೇಳಿದಳು. ಇವಳಿಗೆ ಈ ಕೆಲಸ ಸಿಗದಿದ್ದರೆ ನಾನು ಕಲಿತದ್ದೂ ದಂಡ, ಕಲಿಸಿದ್ದೂ ದಂಡ ಅನಿಸಿತು ನನಗೆ.

ಎರಡೇ ದಿನಕ್ಕೆ ಎಡವಟ್ಟಾಯಿತು.

ಮೂರನೇ ಮಹಡಿಯ ಮೂಲೆ ಕೋಣೆಯಲ್ಲಿ ವಯಸ್ಸಾದ ಒಬ್ಬ ವಿದೇಶಿ ಅತಿಥಿ ಬಹಳ ದಿನದಿಂದ ಉಳಿದಿದ್ದರು. ತುಂಡು ತುಂಡು ಜೋಡಿಸಿ ದೊಡ್ಡ ಚಿತ್ರ ಮಾಡುವ ಆಟವೊಂದಿದೆಯಲ್ಲ, ಅದರ ಹುಚ್ಚು ಅವರಿಗೆ. ಬಂದಾಗಿನಿಂದ ಮೇಜಿನ ತುಂಬ ತುಂಡುಗಳನ್ನು ಹರಡಿಕೊಂಡು ಸಮುದ್ರ, ಹಡಗು, ಅದರ ಮೇಲೆ ಅರ್ಧ ಆಕಾಶ ಜೋಡಿಸಿದ್ದರು. ಅವತ್ತು ಹೊರಗೆ ಹೊರಟವರು ಅಕ್ಕನನ್ನು ಕರೆದು, ಹೊದಿಕೆ ಬದಲಾಯಿಸಿ, ಮೇಜಿನ ಮೇಲಿನದನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಕ್ಕ ನಗುನಗುತ್ತಾ “ಎಸ್ ಸರ್, ಎಸ್ ಸರ್” ಅಂದಳು. ಗೊತ್ತಾಯಿತೇ ಎಂದು ಅವರು ಮತ್ತೆ ಕೇಳಿದರು. ಅಕ್ಕ ಇನ್ನಷ್ಟು ಜೋರಾಗಿ “ಎಸ್ ಸರ್” ಅಂದಳು.

ಅವಳ ಕಿವಿಗೆ ಬಿದ್ದದ್ದು ‘ಟೇಬಲ್’ ಮತ್ತು ‘ಪ್ಲೀಸ್’. ಸಾಹೇಬರು ಮೇಜಿನ ವಿಷಯ ಏನೋ ಇಷ್ಟು ಬೇಡಿಕೊಂಡು ಹೇಳುತ್ತಿದ್ದಾರೆ, ಪಾಪ, ಇಷ್ಟು ದಿನ ಯಾರೂ ಮೇಜು ಒರೆಸಿಯೇ ಇಲ್ಲ ಎಂದುಕೊಂಡಳು. ನನ್ನ ಅಕ್ಕ ಅರೆಬರೆ ಕೆಲಸ ಮಾಡುವವಳಲ್ಲ. ಸಮುದ್ರ, ಹಡಗು, ಆಕಾಶ ಎಲ್ಲವನ್ನೂ ಬಿಡಿಬಿಡಿಸಿ, ಒಂದೊಂದು ತುಂಡನ್ನೂ ಒಣಬಟ್ಟೆಯಲ್ಲಿ ಒರೆಸಿ, ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ, ಮೇಜನ್ನು ಕನ್ನಡಿ ಮಾಡಿಟ್ಟಳು.

ಸಂಜೆ ಆ ಮುದುಕರು ಡಬ್ಬಿ ಹಿಡಿದುಕೊಂಡು ಮ್ಯಾನೇಜರ ಮುಂದೆ ನಿಂತಿದ್ದರಂತೆ. ಬೈಯಲಿಲ್ಲವಂತೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು ಎಂದು ಮೀಸೆ ಮಾಮ ಹೇಳಿದರು. ಡಬ್ಬಿ ಅಲ್ಲಾಡಿಸಿ, ಒಳಗಿನ ಸದ್ದು ಕೇಳಿಸಿ, ಸುಮ್ಮನೆ ನಿಂತರಂತೆ.

ಮ್ಯಾನೇಜರು ಅಕ್ಕನ ಜೊತೆ ನನ್ನನ್ನೂ ಕರೆಸಿದರು. “ಅರ್ಥ ಆಗದೇ ಇದ್ದಮೇಲೆ ಎಸ್ ಯಾಕಮ್ಮ ಅಂದ್ರಿ?” ಎಂದು ಕೇಳಿದರು. ಗಾಬರಿಯಲ್ಲಿದ್ದ ಅಕ್ಕ ಅದಕ್ಕೂ “ಎಸ್ ಸರ್” ಅಂದಳು. ಮ್ಯಾನೇಜರು ತಲೆ ಮೇಲೆ ಕೈ ಹೊತ್ತರು. ಕೊನೆಗೆ ಇಷ್ಟು ಹೇಳಿದರು: “ಮುಂದಿನ ವಾರ ಆ ಕೋಣೆಯಲ್ಲೇ, ಆ ಸಾಹೇಬ್ರ ಎದುರೇ ಪರೀಕ್ಷೆ. ಅವರು ಹೇಳ್ತಾರೆ, ನೀವು ಮಾಡ್ಬೇಕು. ಸರಿಯಾಗಿ ಮಾಡಿದ್ರೆ ಮೂರನೇ ಮಹಡಿ. ಆಗದಿದ್ರೆ ಲಾಂಡ್ರಿ ಇದ್ದೇ ಇದೆಯಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ನೀವು ಎಲ್ಲಾ ಕಲಿಸಿದ್ದೀನಿ ಅಂದಿದ್ರಿ,” ಅಂದರು. ನನ್ನ ಮುಖ ಹರಳೆಣ್ಣೆ ಕುಡಿದಂತಾಯಿತು. ಯಾಕೆಂದರೆ ‘ಮುಟ್ಟಬೇಡಿ’ ಎನ್ನುವ ಪಾಠವನ್ನು ನಾನು ಆ ವಾರವೇ ಮಾಡಿದ್ದೆ. ಅರ್ಥ ಆಯ್ತಾ ಎಂದು ಕೇಳಿಯೂ ಇದ್ದೆ.

ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಶುರು ಹಚ್ಚಿಕೊಂಡೆ.

“ಅರ್ಥ ಆಗ್ಲಿಲ್ಲ ಅಂತ ಒಂದು ಮಾತು ಹೇಳೋಕೆ ನಿನಗೇನಾಗಿತ್ತೇ? ಬಾಯಲ್ಲಿ ಮುತ್ತು ಉದುರ್ತಿತ್ತಾ? ತರಗತಿಯಲ್ಲಿ ಎಲ್ಲರಿಗಿಂತ ಜೋರಾಗಿ ತಲೆ ಆಡಿಸ್ತೀಯಲ್ಲ, ನಾನು ಎಷ್ಟು ಸಲ ಕೇಳ್ದೆ, ಅರ್ಥ ಆಯ್ತಾ ಅರ್ಥ ಆಯ್ತಾ ಅಂತ!”

ಅಕ್ಕ ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ.

“ನೀನು ಅರ್ಥ ಆಯ್ತಾ ಅಂತ ಕೇಳೋದು, ಊಟ ಆಯ್ತಾ ಅಂತ ಕೇಳಿದ ಹಾಗಿರುತ್ತೆ ಕಣೇ,” ಅಂದಳು.

“ಅಂದ್ರೆ?”

“ದಾರೀಲಿ ಸಿಕ್ಕಿದವರು ಊಟ ಆಯ್ತಾ ಅಂತಾರೆ. ಆಯ್ತು ಅಂತೀವಿ. ಆಗದಿದ್ರೂ ಆಯ್ತು ಅಂತೀವಿ. ಇಲ್ಲ ಅಂದ್ರೆ ಅವರಿಗೆ ಕಷ್ಟ ಅಲ್ವಾ? ಪಾಪ, ಒಳ್ಳೇ ಮಾತಿಗೆ ಕೇಳಿರ್ತಾರೆ, ಎಲ್ಲಿಂದ ತಂದು ಬಡಿಸ್ತಾರೆ? ಹಾಗೇ ಇದೂ. ನೀನು ಗಂಟಲು ಹರ್ಕೊಂಡು ಹೇಳ್ತೀಯ, ಬೆವರು ಒರೆಸ್ಕೊಂಡು ತಿರುಗಿ ನೋಡ್ತೀಯ. ಆಗ ಇಲ್ಲ ಅಂತ ಹ್ಯಾಗೆ ಅನ್ನೋದು? ಅದೂ ನಾನು? ಟೀಚರಮ್ಮನ ಅಕ್ಕನಿಗೇ ಬರಲ್ಲ ಅಂತ ಜನ ಆಡ್ಕೊಳ್ಳಲ್ವಾ ನಿನ್ನ?”

ನಾನು ಬೆಪ್ಪಾಗಿ ನಿಂತೆ. ಇಷ್ಟು ದಿನ ನಾನು ಕೇಳಿದ್ದು ಪ್ರಶ್ನೆಯೇ ಆಗಿರಲಿಲ್ಲ. ಕುಶಲ ವಿಚಾರಿಸಿದ್ದೆ, ಅಷ್ಟೆ. ಅವರೂ ಮರ್ಯಾದಸ್ಥರ ಹಾಗೆ ಕುಶಲ ಹೇಳಿದ್ದರು.

“ನಾನು ಆವತ್ತೇ ಹೇಳಿರ್ಲಿಲ್ವಾ?” ಅಂದರು ಭಾವ, ಬಿಚ್ಚಿದ ಮಿಕ್ಸಿಯ ಹಿಂದಿನಿಂದ.

“ನೀವು ಸುಮ್ನಿರಿ ಭಾವ!”

“ಸುಮ್ನಿರ್ತೀನಮ್ಮ. ಆದ್ರೆ ನಾನು ಮಿಕ್ಸಿ ರಿಪೇರಿ ಮಾಡಿ, ಸರಿಹೋಯ್ತೇನಪ್ಪಾ ಮಿಕ್ಸಿ ಅಂತ ಅದನ್ನೇ ಕೇಳಲ್ಲ. ಒಳಗೆ ಏನಾದ್ರೂ ಹಾಕಿ ತಿರುಗಿಸಿ ನೋಡ್ತೀನಿ.”

ಅವರ ಮಾತು ಸರಿಯಾಗಿತ್ತು, ಅದಕ್ಕೇ ಇನ್ನಷ್ಟು ಕೋಪ ಬಂತು. ಆದರೂ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಮರುದಿನ ತರಗತಿಗೆ ಹೋದವಳೇ ಕೋಲನ್ನು ಮುರಿದ ಕುರ್ಚಿಗಳ ರಾಶಿಗೆ ಎಸೆದೆ. “ಇವತ್ತಿನಿಂದ ಈ ಕೋಣೇಲಿ ಅರ್ಥ ಆಯ್ತಾ ಅಂತ ನಾನು ಕೇಳಲ್ಲ. ಆಯ್ತು ಅಂತ ನೀವೂ ಹೇಳಬಾರದು. ಸರೀನಾ?” ಅಂದೆ.

“ಆಯ್ತು ಮೇಡಂ!” ಎಂದಿತು ಇಡೀ ತರಗತಿ.

ನಾನು ಸೊಂಟದ ಮೇಲೆ ಕೈಯಿಟ್ಟು ನೋಡಿದೆ. ಮೀಸೆ ಮಾಮ ನಾಲಗೆ ಕಚ್ಚಿಕೊಂಡರು. ಆಮೇಲೆ ಮೊದಲು ನಕ್ಕವರೂ ಅವರೇ, ಹೊಟ್ಟೆ ಕುಲುಕಿಸಿಕೊಂಡು.

ಒಂದು ಕುರ್ಚಿಯ ಮೇಲೆ ನನ್ನ ಕನ್ನಡಕ, ಇನ್ನೊಂದರ ಮೇಲೆ ಒಂದು ಬಾಳೆಹಣ್ಣು ಇಟ್ಟೆ. ನಾನು ಅತಿಥಿ, ಇದು ನನ್ನ ಮೇಜು ಅಂದೆ. ನಂತರ ಇಂಗ್ಲಿಷಿನಲ್ಲಿ, ಕನ್ನಡಕ ಮುಟ್ಟಬೇಡಿ, ಹಣ್ಣು ತೆಗೆದುಕೊಂಡು ಹೋಗಿ ಅಂದೆ. ಮೀಸೆ ಮಾಮನನ್ನು ಎಬ್ಬಿಸಿದೆ. ಅವರು ಠೀವಿಯಿಂದ ಎದ್ದು ಬಂದು, ನನ್ನ ಕನ್ನಡಕ ತೆಗೆದುಕೊಂಡು ಜೇಬಿಗೆ ಹಾಕಿಕೊಂಡು, ಸೆಲ್ಯೂಟು ಹೊಡೆದು ಹೋಗಿ ಕೂತರು.

ಮುಂಚೆಯಾಗಿದ್ದರೆ ನಾನು ಸಿಡಿದೇಳುತ್ತಿದ್ದೆ. ಅವತ್ತು ನಗು ತಡೆಯಲಾಗಲಿಲ್ಲ. “ಮಾಮ, ಇಷ್ಟು ದಿನ ಆಯ್ತು ಆಯ್ತು ಅಂತ ಗಂಟೆ ಬಾರಿಸಿದ್ರಲ್ಲ!”

“ಏನ್ಮಾಡೋದು ಮೇಡಂ,” ಅಂದರು ಅವರು ಕನ್ನಡಕ ವಾಪಸು ಕೊಡುತ್ತಾ. “ನೀವು ಅಷ್ಟು ಕಷ್ಟಪಟ್ಟು ಹೇಳ್ತೀರಿ. ಇಲ್ಲ ಅಂದ್ರೆ ನಿಮಗೆ ಬೇಜಾರಾಗಲ್ವಾ? ಬೇಜಾರಾಗಿ ಬಿಟ್ಟುಹೋದ್ರೆ?”

ಆಗ ತರಕಾರಿ ಹೆಚ್ಚುವಾತ ಮೆಲ್ಲಗೆ ಕೈಯೆತ್ತಿದ. ಅವನು ಕೈಯೆತ್ತಿದ್ದು ಅದೇ ಮೊದಲು. ಯಂತ್ರಗಳ ಸದ್ದಿನ ನಡುವೆ ಕೇಳಿಸಲೆಂದು ಎದ್ದು ನಿಂತ.

“ಮೇಡಂ, ಹೇಳಬಹುದು ಅಂತಾದ್ರೆ ಹೇಳ್ತೀನಿ. ನನಗೆ ಮೊದಲನೇ ದಿನದಿಂದ ಏನೂ ಅರ್ಥ ಆಗಿಲ್ಲ.”

ಎಲ್ಲರೂ ತಿರುಗಿ ಅವನನ್ನು ನೋಡಿದರು. ಆಮೇಲೆ ಹಿಂದಿನ ಸಾಲಿನಿಂದ ಅಕ್ಕ ಚಪ್ಪಾಳೆ ತಟ್ಟಿದಳು, ಎಲ್ಲರೂ ತಟ್ಟಿದರು, ನಾನೂ ತಟ್ಟಿದೆ. ಅವನು ಬಹುಮಾನ ಗೆದ್ದವನ ಹಾಗೆ ನಾಚಿಕೊಂಡು ಕೂತ. ನಾನು ಮೊದಲ ಪಾಠದಿಂದ ಮತ್ತೆ ಶುರುಮಾಡಿದೆ. ಒಂದು ಮಾತು ಹೇಳುವುದು, ಅದನ್ನು ಮಾಡಿ ತೋರಿಸಲು ಹೇಳುವುದು. ಹಣ್ಣು ಈಗ ಎಲ್ಲಿರಬೇಕು? ಕನ್ನಡಕ ಯಾರ ಕೈಯಲ್ಲಿರಬೇಕು? ನಾನು ಕೋಣೆಯಲ್ಲಿರುವಾಗ ಒಳಗೆ ಬರುತ್ತೀರೋ, ಹೋದ ಮೇಲೆ ಬರುತ್ತೀರೋ? ಹೀಗೆ ಸಣ್ಣ ಸಣ್ಣದಾಗಿ ಕೇಳುವುದು. ಗೊತ್ತಾಗದಿದ್ದರೆ ನೆಟ್ಟಗೆ ‘ನೋ’ ಅನ್ನುವುದು. ಆ ‘ನೋ’ ಒಂದು ಶುರುವಾದದ್ದೇ ತಡ, ತರಗತಿಯಲ್ಲಿ ಸಂತೆ ನೆರೆದಂತೆ ಗದ್ದಲ. ಅಷ್ಟೂ ದಿನ ಒಳಗೇ ಇಟ್ಟುಕೊಂಡಿದ್ದ ಸಂದೇಹಗಳೆಲ್ಲ ಹೊರಗೆ ಬಂದವು. ಗೋಡೆಯಾಚೆಯ ಯಂತ್ರಗಳ ಸದ್ದೇ ನಮಗೆ ಕೇಳಿಸದಂತಾಯಿತು.

ಆದರೆ ಅಕ್ಕ ಮಾತ್ರ ‘ನೋ’ ಅನ್ನಲಿಲ್ಲ. ಬೇರೆಯವರ ‘ನೋ’ಗೆ ಚಪ್ಪಾಳೆ ತಟ್ಟುತ್ತಿದ್ದಳು, ತಾನು ತಲೆಯಾಡಿಸುತ್ತಿದ್ದಳು.

ಅದಕ್ಕೆ ಮನೆಯಲ್ಲೇ ಅಭ್ಯಾಸಕ್ಕೆ ಕೂರಿಸಿದೆ. ಅತಿಥಿಯ ಪಾತ್ರ ಭಾವನದು. ಹೆಗಲ ಮೇಲೊಂದು ಟವೆಲು ಹಾಕಿಕೊಂಡು, ಮಂಚದ ಮೇಲೆ ಕಾಲ ಮೇಲೆ ಕಾಲು ಹಾಕಿ, ರಾಜನ ಗತ್ತಿನಲ್ಲಿ ಕೂತರು. ನಾನು ಕಿವಿಯಲ್ಲಿ ಹೇಳಿಕೊಟ್ಟಂತೆ ಅವರು ಜೋರಾಗಿ ಅಪ್ಪಣೆ ಕೊಡಬೇಕು.

“ಬ್ರಿಂಗ್ ಮಿ ಟೂ ಪಿಲ್ಲೋಸ್!” ಎಂದು ಗುಡುಗಿದರು ಭಾವ.

ಅಕ್ಕ ಎರಡು ದಿಂಬು ತಂದಳು.

“ಟೇಕ್ ಒನ್ ಪಿಲ್ಲೋ ಬ್ಯಾಕ್!”

ಒಂದನ್ನು ವಾಪಸು ಒಯ್ದಳು. ಇಷ್ಟು ಚೆನ್ನಾಗಿ ಬರುತ್ತಿದೆಯಲ್ಲ ಎಂದು ನನಗೆ ಖುಷಿ. ಭಾವನಿಗೆ ಆ ಅಧಿಕಾರದ ರುಚಿ ಹತ್ತಿತು. ನಾನು ಹೇಳಿಕೊಡದೆಯೇ, ತಮಗೆ ತೋಚಿದಂತೆ, ಯಾವ ದೇಶದ್ದೂ ಅಲ್ಲದ ಒಂದು ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಬಡಬಡಿಸಿದರು. ಅದರಲ್ಲಿ ಒಂದೇ ಒಂದು ಪದಕ್ಕೂ ಅರ್ಥವಿರಲಿಲ್ಲ.

ಅಕ್ಕ ನಗುನಗುತ್ತಾ ತಲೆಯಾಡಿಸಿ, “ಎಸ್ ಸರ್,” ಅಂದಳು.

ಭಾವ ಮಂಚದ ಮೇಲೆ ಉರುಳಾಡಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಅಕ್ಕನ ಎದುರು ಕೂತು ಅವಳ ಕೈ ಹಿಡಿದುಕೊಂಡೆ. ಬಿಸಿ ಬಟ್ಟೆ ಮುಟ್ಟಿ ಮುಟ್ಟಿ ಒರಟಾದ ಕೈ.

“ಅಕ್ಕ, ಅವರು ಹೇಳಿದ್ದು ಇಂಗ್ಲಿಷೇ ಅಲ್ಲ. ನನಗೇ ಅರ್ಥ ಆಗ್ಲಿಲ್ಲ. ನೀನ್ಯಾಕೆ ಎಸ್ ಅಂದೆ?”

“ಬಾಯಿಗೆ ಬಂದುಬಿಡುತ್ತೆ ಕಣೇ. ಯಾರಾದ್ರೂ ಮುಖ ನೋಡಿ ಏನಾದ್ರೂ ಕೇಳಿದ್ರೆ ಇಲ್ಲ ಅನ್ನೋಕೆ ನಾಲಗೆ ಏಳಲ್ಲ. ಚಿಕ್ಕಂದಿನಿಂದ ಹಾಗೇ.” ಆಮೇಲೆ ಹೇಳಿದಳು: “ನನಗೆ ಆ ಕೆಲಸ ಸಿಗಲ್ವೇನೋ.”

ಅವಳ ದನಿ ಕೇಳಿ ಭಾವನ ನಗು ನಿಂತಿತು. ಟವೆಲು ಹೆಗಲಿಂದ ತೆಗೆದು ಮಡಿಸಿಟ್ಟರು. “ಸಿಗುತ್ತೆ,” ಅಂದರು, ತಮಾಷೆಯೇ ಇಲ್ಲದ ದನಿಯಲ್ಲಿ. ಅದು ಕೇಳಿ ನನಗೆ ಇನ್ನೂ ಭಯವಾಯಿತು.

ಪರೀಕ್ಷೆಯ ದಿನ ಮ್ಯಾನೇಜರ ಹಿಂದೆ ನಾನೂ ಮೂರನೇ ಮಹಡಿಗೆ ಹೋದೆ. ಬಾಗಿಲ ಹೊರಗೆ ನಿಲ್ಲಬಹುದು, ಬಾಯಿ ಬಿಡಬಾರದು ಎಂದು ಮೊದಲೇ ತಾಕೀತಾಗಿತ್ತು. ಬಾಯಿ ಬಿಡದಿರುವುದು ನನ್ನ ಜನ್ಮಕ್ಕೆ ಬಂದದ್ದಲ್ಲ, ಆದರೂ ಒಪ್ಪಿದೆ. ಅಕ್ಕ ಹೊಸದಾಗಿ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ, ತೋಳಿನ ಮೇಲೆ ಮಡಿಸಿದ ಹೊದಿಕೆಗಳನ್ನು ಹೊತ್ತು ಕೋಣೆಯ ನಡುವೆ ನಿಂತಿದ್ದಳು. ಮುದುಕರು ಮೇಜಿನ ಬಳಿ. ಮೇಜಿನ ಮೇಲೆ ಮತ್ತೆ ಸಮುದ್ರ, ಮತ್ತೆ ಹಡಗು, ಆಕಾಶ ಮೊದಲಿಗಿಂತ ಜಾಸ್ತಿ ತುಂಬಿತ್ತು. ಪುಣ್ಯಾತ್ಮರು ವಾರವೆಲ್ಲ ಕೂತು ಇನ್ನೊಮ್ಮೆ ಜೋಡಿಸಿದ್ದರು. ಕೋಣೆಯಲ್ಲಿ ಧಗೆ. ಅಷ್ಟು ದೊಡ್ಡ ಕಿಟಕಿ ಮುಚ್ಚಿತ್ತು. ಅಕ್ಕನ ಕಣ್ಣು ಆಗಾಗ ಆ ಕಡೆಗೇ ಹೋಗುತ್ತಿತ್ತು. ಯಾವ ಕೋಣೆಗೆ ಹೋದರೂ ಅವಳು ಮೊದಲು ಮಾಡುತ್ತಿದ್ದ ಕೆಲಸವೇ ಕಿಟಕಿ ತೆರೆಯುವುದು.

ಮುದುಕರು ಶುರುಮಾಡಿದರು. ಅವರ ಇಂಗ್ಲಿಷು ನೀರು ಹರಿದಂತೆ, ಎಲ್ಲೂ ನಿಲ್ಲುವುದಿಲ್ಲ. ಹೊದಿಕೆ, ಮೇಜು, ಕಿಟಕಿ, ಗಾಳಿ, ಎಲ್ಲವೂ ಒಂದೇ ಉಸಿರಿನಲ್ಲಿ ಬಂದು ಹೋದವು. ಕೊನೆಯಲ್ಲಿ ಕೇಳಿದರು: “ಡು ಯು ಅಂಡರ್‌ಸ್ಟ್ಯಾಂಡ್?”

ಅಕ್ಕನ ಮುಖದ ಮೇಲೆ ಆ ಹಳೆಯ ನಗು ಬಂತು. ತಲೆ ಮೆಲ್ಲಗೆ ಅಲ್ಲಾಡತೊಡಗಿತು. ನಾನು ಬಾಗಿಲ ಚೌಕಟ್ಟನ್ನು ಉಗುರು ಊರುವಂತೆ ಹಿಡಿದುಕೊಂಡೆ. ಬೇಡ ಅಕ್ಕ, ಬೇಡ, ಎಂದು ಮನಸ್ಸಿನಲ್ಲೇ ಕಿರುಚಿದೆ.

ಅವಳ ಕಣ್ಣು ಮೇಜಿನ ಮೇಲೆ ಬಿತ್ತು. ಎರಡನೇ ಸಲ ಕಟ್ಟಿದ ಆ ಹಡಗನ್ನು ನೋಡಿದಳು. ತಲೆ ನಿಂತಿತು.

“ನೋ ಸರ್,” ಅಂದಳು.

ದನಿ ಎಷ್ಟು ಸಣ್ಣದಾಗಿತ್ತೆಂದರೆ ಮ್ಯಾನೇಜರು ಬಗ್ಗಿ, “ಏನಂದ್ರಿ?” ಎಂದು ಕೇಳಿದರು.

“ನೋ ಸರ್!” ಈ ಸಲ ಜೋರಾಗಿತ್ತು, ನೆಲಮಾಳಿಗೆಯ ಯಂತ್ರಗಳ ನಡುವೆ ಮಾತಾಡುವ ಹಾಗೆ. “ಐ ಡೋಂಟ್ ಅಂಡರ್‌ಸ್ಟ್ಯಾಂಡ್. ಪ್ಲೀಸ್, ಸ್ಲೋ.”

ಮ್ಯಾನೇಜರ ಮುಖ ಸಪ್ಪಗಾಯಿತು. ಅಲ್ಲಿಗೆ ಮುಗಿಯಿತು ಎಂಬಂತೆ ಕೈಚೆಲ್ಲಿದರು. ಆದರೆ ಮುದುಕರು ಕುರ್ಚಿ ಎಳೆದುಕೊಂಡು ಕೂತು, ಬೆರಳು ತೋರಿಸುತ್ತಾ ಒಂದೊಂದೇ ಮಾತು ಬಿಡಿಸಿ ಹೇಳಿದರು. ಅಕ್ಕ ಒಂದೊಂದಕ್ಕೂ ತಾನೇ ತಿರುಗಿ ಕೇಳಿದಳು. ಹೊದಿಕೆ ಮುಟ್ಟಿ, “ಚೇಂಜ್?” ಹೌದು. ಮೇಜಿನ ಮೇಲೆ ಕೈ ತಾಗಿಸದೆ ಗಾಳಿಯಲ್ಲೇ ಆಡಿಸಿ, “ನೋ ಟಚ್?” ಮುಟ್ಟಬೇಡಿ. ಆಮೇಲೆ ಆಸೆಯಿಂದ ಕಿಟಕಿಯ ಕಡೆ ತೋರಿಸಿ, “ವಿಂಡೋ? ಓಪನ್?”

“ನೋ, ನೋ!” ಮುದುಕರು ಎರಡು ಕೈಯನ್ನೂ ಅಡ್ಡ ಹಿಡಿದರು. ಕೆನ್ನೆ ಉಬ್ಬಿಸಿ ಉಫ್ ಎಂದು ಊದಿ, ಆಕಾಶದ ತುಂಡುಗಳು ಹಾರಿಹೋಗುವುದನ್ನು ಬೆರಳಿನಲ್ಲಿ ತೋರಿಸಿದರು. ಮೊದಲಿನಂತೆ ಎಸ್ ಅಂದಿದ್ದರೆ, ಅಕ್ಕ ಅವರ ಮೇಲಿನ ಕನಿಕರಕ್ಕೇ ಮೊದಲು ಹೋಗಿ ಕಿಟಕಿ ತೆರೆದುಬಿಡುತ್ತಿದ್ದಳು. ನೆನೆಸಿಕೊಂಡು ನನಗೆ ಬೆವರು ಬಂತು.

ಅಕ್ಕ ಹೊದಿಕೆ ಬದಲಾಯಿಸಿದಳು. ಒಂದು ಸುಕ್ಕೂ ಇಲ್ಲ. ಎಲ್ಲ ಮುಗಿದ ಮೇಲೂ ಹೊರಡಲಿಲ್ಲ. ತೋಳಿನ ಮೇಲೆ ಉಳಿದಿದ್ದ ಗಂಜಿ ಹಾಕಿದ ಬಿಳಿ ಬಟ್ಟೆಯನ್ನು ಬಿಚ್ಚಿ ಚಿತ್ರದ ಮೇಲೆ ಹಿಡಿದು, ಮುದುಕರ ಮುಖ ನೋಡಿ, “ಸರ್, ಓಕೆ?” ಎಂದು ಕೇಳಿದಳು. ಅವರು ಕುತೂಹಲದಿಂದ ಹ್ಞೂಂ ಅಂದರು. ಬಟ್ಟೆಯನ್ನು ಉಸಿರು ಬಿಗಿಹಿಡಿದು ಚಿತ್ರದ ಮೇಲೆ ಇಳಿಸಿದಳು. ಅಂಚುಗಳ ಮೇಲೆ ಅವರದೇ ದಪ್ಪ ಪುಸ್ತಕಗಳನ್ನು ಹೇರಿದಳು. ಕೈಯಿಂದ ಬೀಸಿ ನೋಡಿದಳು, ಬಟ್ಟೆ ಅಲ್ಲಾಡಲಿಲ್ಲ. ಆಮೇಲೆ ಮತ್ತೆ ಕಿಟಕಿಯ ಕಡೆ ತಿರುಗಿ, “ನೌ?” ಅಂದಳು.

ಮುದುಕರು ನಕ್ಕೇಬಿಟ್ಟರು. ತಾವೇ ಎದ್ದು ಹೋಗಿ ಕಿಟಕಿಯ ಒಂದು ಕದ ತೆರೆದರು, ಅಕ್ಕ ಇನ್ನೊಂದು ತೆರೆದಳು. ಗಾಳಿ ಒಳಗೆ ಬಂತು.

“ಆದ್ರೆ ಸರ್, ಗೊತ್ತಾಗಲ್ಲ ಅಂತ ಅವರೇ ಹೇಳಿದ್ರಲ್ಲ,” ಎಂದು ಮ್ಯಾನೇಜರು ಇಂಗ್ಲಿಷಿನಲ್ಲಿ ರಾಗ ಎಳೆದರು.

ಅದಕ್ಕೆ ಮುದುಕರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. “ನಾನು ಬಂದಾಗಿನಿಂದ ಈ ಹೋಟೆಲಿನಲ್ಲಿ ಎಲ್ಲರೂ ನನಗೆ ಎಸ್ ಅಂತಲೇ ಹೇಳ್ತಿದ್ದಾರೆ. ಬಿಸಿನೀರು ಕೇಳಿದೆ, ಎಸ್. ಬಲ್ಬು ಹೋಗಿದೆ ಅಂದೆ, ಎಸ್. ಬಿಸಿನೀರೂ ಬರಲಿಲ್ಲ, ಬಲ್ಬೂ ಬರಲಿಲ್ಲ. ನೋ ಅಂದು, ಕೇಳಿ ತಿಳಿದುಕೊಂಡು ಕೆಲಸ ಮಾಡಿದವರು ಇವರೊಬ್ಬರೇ. ನನ್ನ ಕೋಣೆಗೆ ಇನ್ನು ಇವರನ್ನೇ ಕಳಿಸಿ.”

ಅಕ್ಕ ಅವರ ಮಾತು ಮುಗಿಯುವವರೆಗೆ ಕಾದು, ನನ್ನ ಕಡೆ ನೋಡಿ, ನಮ್ಮ ಭಾಷೆಯಲ್ಲಿ ಕೇಳಿದಳು: “ಮೇಡಂ, ಅವರು ಹೇಳಿದ್ದು ನನಗೆ ಅರ್ಥ ಆಗ್ಲಿಲ್ಲ. ಕೆಲಸ ಸಿಕ್ತಾ ಇಲ್ವಾ?”

ಮ್ಯಾನೇಜರಿಗೂ ನಗು ತಡೆಯಲಾಗಲಿಲ್ಲ. “ಸಿಕ್ತು ಕಣಮ್ಮ, ಸಿಕ್ತು,” ಅಂದರು. ಮೂರನೇ ಮಹಡಿ ನಿಮ್ಮದು, ಮೊದಲು ಆ ಬಲ್ಬು ಹಾಕಿಸಿ ಎಂದೂ ಸೇರಿಸಿದರು. ನಾನು ಬಾಯಿ ಬಿಡಬಾರದೆಂಬುದನ್ನು ಮರೆತು ಕೂಗಿದೆ, ಓಡಿಹೋಗಿ ಅಕ್ಕನನ್ನು ತಬ್ಬಿಕೊಂಡೆ. ಮೇಜಿನ ಬಳಿ ಮಾತ್ರ ಹೋಗಬೇಡ ಎಂದು ಅವಳು ಕಿವಿಯಲ್ಲಿ ಗದರಿದಳು.

ಕೆಳಗೆ ಬರುವಷ್ಟರಲ್ಲಿ ಸುದ್ದಿ ಹಬ್ಬಿತ್ತು. ಮೀಸೆ ಮಾಮ ಅತಿಥಿಗಳಿಗೆ ಹೊಡೆಯುವ ಸೆಲ್ಯೂಟನ್ನು ಅಕ್ಕನಿಗೆ ಹೊಡೆದು, ದೊಡ್ಡ ಬಾಗಿಲನ್ನೇ ತೆರೆದು ಹಿಡಿದರು. ಇಷ್ಟು ವರ್ಷ ಹಿಂದಿನ ಮೆಟ್ಟಿಲಿನಿಂದ ಹೋಗಿ ಬರುತ್ತಿದ್ದ ಅಕ್ಕ ಅವತ್ತು ಮುಂಬಾಗಿಲಿನಿಂದ ಮನೆಗೆ ಬಂದಳು.

ಸಂಜೆ ಮನೆಯಲ್ಲಿ ನಮ್ಮ ಸಡಗರ ಕೇಳಬೇಡಿ. ಭಾವ ಸಂತೋಷದಲ್ಲಿ ಪಕ್ಕದ ಮನೆಯವರನ್ನೂ, ರಿಪೇರಿಗೆ ಫ್ಯಾನು ತಂದಿದ್ದವರನ್ನೂ ಊಟಕ್ಕೆ ಕರೆದುಬಿಟ್ಟಿದ್ದರು. ಅಕ್ಕ ಮೂರನೇ ಮಹಡಿಯ ಕಥೆಯನ್ನು ಕೈ ಬಾಯಿ ತಿರುಗಿಸಿ ಹೇಳುತ್ತಾ ಎಲ್ಲರಿಗೂ ಬಡಿಸಿದಳು. ಅವರೆಲ್ಲ ಉಂಡು ಹೋದ ಮೇಲೆ ಭಾವನಿಗೂ ನನಗೂ ಬಡಿಸಿದಳು. ಪಾತ್ರೆಯ ತಳಕ್ಕೆ ಸೌಟು ತಾಗಿದ ಸದ್ದು ಕೇಳಿಸಿತು.

“ನಿಂದು ಊಟ?” ಅಂದೆ.

“ನಂದಾಯ್ತು. ಹೋಟೆಲಲ್ಲೇ ಆಯ್ತು. ನೀನು ತಿನ್ನು,” ಅಂದಳು ಅಕ್ಕ, ಪಾತ್ರೆಗೆ ನೀರು ಬಿಡುತ್ತಾ.

ನಾನು ತುತ್ತು ಬಾಯಿಗಿಟ್ಟೆ. ಚಿಕ್ಕಂದಿನಿಂದ ಕೇಳಿದ ಮಾತು ಅದು. ನನ್ನ ತಟ್ಟೆಗೆ ಬಡಿಸಿ, ಎದುರಿಗೆ ಕೂತು, ನಂದಾಯ್ತು ನೀನು ತಿನ್ನು ಅನ್ನುತ್ತಿದ್ದಳು. ನಾನು ತಿನ್ನುತ್ತಿದ್ದೆ. ಅಗಿಯುತ್ತಿದ್ದವಳು ನಿಲ್ಲಿಸಿದೆ.

“ಏನು ತಿಂದೆ?” ಅಂದೆ.

“ಆಂ?”

“ಹೋಟೆಲಲ್ಲಿ ಊಟ ಆಯ್ತು ಅಂದ್ಯಲ್ಲ, ಏನು ತಿಂದೆ? ಎಲ್ಲಿ ಕೂತು ತಿಂದೆ? ಪಕ್ಕದಲ್ಲಿ ಯಾರಿದ್ರು?”

ಅಕ್ಕ ಬಾಯಿ ತೆರೆದಳು, ಮುಚ್ಚಿದಳು. ಇನ್ನೊಮ್ಮೆ ತೆರೆದಳು. ಏನೂ ಬರಲಿಲ್ಲ.

“ಸಿಕ್ಕಿಬಿದ್ದಳು!” ಎಂದು ಭಾವ ತೊಡೆ ತಟ್ಟಿದರು.

ನನ್ನ ಕಣ್ಣು ತುಂಬಿತ್ತು. ಅಮ್ಮ ಹೋದ ಮೇಲಿನ ಆ ದಿನಗಳ ತಟ್ಟೆಗಳೆಲ್ಲ ಎದುರಿಗೆ ಬಂದು ನಿಂತವು, ಒಂದರ ಮುಂದೆಯೂ ನಾನು ಈ ಪ್ರಶ್ನೆ ಕೇಳಿರಲಿಲ್ಲ. ಎದ್ದು ಇನ್ನೊಂದು ತಟ್ಟೆ ತಂದೆ. ಅಕ್ಕನನ್ನು ಕೈ ಹಿಡಿದು ಕೂರಿಸಿದೆ. ನನ್ನ ತಟ್ಟೆಯದರಲ್ಲಿ ಅರ್ಧ ಅದಕ್ಕೆ ಹಾಕಿದೆ. ಭಾವನೂ ತಮ್ಮದರಲ್ಲಿ ಅರ್ಧ ಹಾಕಿದರು.

“ಈಗ ಕೇಳ್ತೀನಿ, ಸರಿಯಾಗಿ ಹೇಳು,” ಅಂದೆ. “ಹಸಿವಾಗಿದೆಯಾ?”

ಅಕ್ಕನ ತಲೆ ಅಭ್ಯಾಸಬಲದಿಂದ ಇಲ್ಲ ಎಂಬಂತೆ ಆಡಲು ಹೊರಟಿತು, ಅರ್ಧಕ್ಕೆ ನಿಂತಿತು. ಅವಳು ನನ್ನ ಮುಖ ನೋಡಿದಳು, ತಟ್ಟೆ ನೋಡಿದಳು.

“ತುಂಬಾ ಹಸಿವಾಗಿದೆ ಕಣೇ,” ಅಂದಳು. “ಇನ್ನೂ ಸ್ವಲ್ಪ ಹಾಕು.”

ನಾನು ನನ್ನ ತಟ್ಟೆಯಿಂದ ಇನ್ನಷ್ಟು ಹಾಕಿದೆ.